ಹಗಲು ಮಲಗುವವರ ಕಾವಲುಗಾರ

ನಮ್ಮ ಸೋದರಮಾವ ಜೀವಮಾನದಲ್ಲಿ ಮನಸ್ಸಿಟ್ಟು ಮಾಡಿದ್ದು ಒಂದೇ ಕೆಲಸ: ಮತ್ತೊಬ್ಬರು ಮಲಗಿದ್ದನ್ನು ನೋಡುತ್ತ ಕೂರುವುದು! ಗಾಬರಿಯಾಗಬೇಡಿ, ಮನುಷ್ಯರು ಮಲಗಿದರೆ ಅವನಿಗೆ ಸಿಟ್ಟೇ ಬರುತ್ತಿತ್ತು. ಅವನ ಅಂತಃಕರಣವೆಲ್ಲ ಬಾವಲಿ, ಮುಳ್ಳುಹಂದಿ, ಪುನುಗಿನ ಬೆಕ್ಕು ಇಂಥವರಿಗೇ ಮೀಸಲು. "ರಾತ್ರಿ ಅವು ಏನ್ ಮಾಡ್ತಾವ ಅಂತ ಎಲ್ಲಾರೂ ಕೇಳ್ತಾರ. ಹಗಲೊತ್ತು ಹೆಂಗಿರ್ತಾವ ಅಂತ ಯಾರರ ಕೇಳ್ಯಾರೇನು?" ಎನ್ನುತ್ತಿದ್ದ. ಯಾಕಾದರೂ ಕೇಳಬೇಕು ಹೇಳಿ!

ಬೆಟಗೇರಿಯಲ್ಲಿ ಮಾಮಾನದು ಸೈಕಲ್ ರಿಪೇರಿ ಅಂಗಡಿ. ಬಿಸಿಲು ನೆತ್ತಿಗೆ ಬಂತೆಂದರೆ ಅಂಗಡಿ ಬಂದ್. ರಿಪೇರಿಗೆ ಬಿಟ್ಟ ಯಾರದೋ ಸೈಕಲ್ ಏರಿ ಗುಡ್ಡ ಹಿಡಿಯುತ್ತಿದ್ದ. ಗಿರಾಕಿ ಜಗಳಕ್ಕೆ ಬಂದರೆ, "ಟ್ರಯಲ್ ನೋಡಾಕ ಹೋಗಿದ್ನಿ" ಎಂಬ ಉತ್ತರ ನಾಲಿಗೆಯ ಮೇಲೇ ಇರುತ್ತಿತ್ತು. ಬೆಟಗೇರಿಯಿಂದ ಡಂಬಳದವರೆಗೆ ಟ್ರಯಲ್ಲು!

ಆ ಡಂಬಳದ್ದೇ ಕಥೆ ಕೇಳಿ. ಊರ ಆಚೆ ಗುಡ್ಡದ ಬುಡದಲ್ಲಿ ಒಂದು ಬಿಲ ಕಂಡಿತಂತೆ. ಬಿಲದ ಬಾಯಲ್ಲಿ ಮುಳ್ಳುಹಂದಿಯ ಮುಳ್ಳು ಬಿದ್ದಿತ್ತು. ಮಾಮಾ ತಲೆಗೆ ಟವೆಲ್ ಸುತ್ತಿಕೊಂಡು, ಉಸಿರು ಬಿಗಿಹಿಡಿದು, ಬಿಲಕ್ಕೆ ಕಿವಿಗೊಟ್ಟು ಮಧ್ಯಾಹ್ನವಿಡೀ ಕುಳಿತ. ಕುರಿ ಕಾಯುವ ಮುದುಕನೊಬ್ಬ ಬಂದು ವಿಚಾರಿಸಿದ.

"ಏನ್ ನೋಡಾಕತ್ತೀರಿ?"

"ಶ್! ಮೆತ್ತಗ ಮಾತಾಡ್ರಿ. ಒಳಗ ಮುಳ್ಳಹಂದಿ ಮಲಗೇತಿ. ಉಸರಾಡೂದು ಕೇಳಸ್ತೈತಿ."

"ಅದು ಹ್ವಾದ ವರ್ಷನ ಬಿಟ್ಟು ಹೋತ್ರಿ. ಈಗ ಒಳಗ ನಾಗರಹಾವು ಐತಿ."

ಮಾಮಾ ಮತ್ತೆ ಸೈಕಲ್ ನಿಲ್ಲಿಸಿದ್ದು ಡಂಬಳದ ಕೆರೆಯ ದಂಡೆಯಲ್ಲೇ!

ಮನೆಯಲ್ಲೂ ಇದೇ ಪಾಡು. ಅಟ್ಟದ ಮೇಲೆ ಹಳೆಯ ಕಟ್ಟಿಗೆಯ ಸಂದಿಯಲ್ಲಿ ಒಂದು ಪುನುಗಿನ ಬೆಕ್ಕು ಹಗಲು ಹೊತ್ತು ಮಲಗಲು ಬರತೊಡಗಿತು. ಅಂದಿನಿಂದ ಮನೆಯಲ್ಲಿ ಖಾರ ಕುಟ್ಟುವಂತಿಲ್ಲ, ಪಾತ್ರೆ ಕೆಡವುವಂತಿಲ್ಲ. ಮಾಮಿ ಒಂದು ದಿನ ಸೊಂಟಕ್ಕೆ ಸೆರಗು ಸಿಕ್ಕಿಸಿಯೇ ಬಿಟ್ಟಳು. "ನಾ ಒಂದ್ ಗಳಿಗಿ ಅಡ್ಡಾದ್ರ ಚಾ ಮಾಡು ಅಂತ ಎಬ್ಬಸ್ತೀರಿ. ಬೆಕ್ಕಿಗಿದ್ದ ಮರ್ಯಾದಿ ನನಗಿಲ್ಲೇನ್ರಿ?"

ಮಾಮಾ ಯೋಚಿಸಿ ಹೇಳಿದ: "ಅದಕ್ಕ ಚಾ ಮಾಡಾಕ ಬರೂದಿಲ್ಲಲೇ."

ಇನ್ನು ನನ್ನ ಮದುವೆ! ಬೆಟಗೇರಿಯ ನಮ್ಮ ಓಣಿಯ ಬಾಯಲ್ಲಿ ದೊಡ್ಡದೊಂದು ಹುಣಸೆಮರ. ಕೊಡೆ ಮಡಚಿ ತೂಗುಹಾಕಿದಂತೆ ಕೊಂಬೆ ತುಂಬ ಬಾವಲಿಗಳು. ಬಿಸಿಲಿಗೆ ರೆಕ್ಕೆಯಿಂದ ಗಾಳಿ ಬೀಸಿಕೊಳ್ಳುವುದೇನು, ಜಾಗಕ್ಕಾಗಿ ಕಿಚಿಕಿಚಿ ಜಗಳವೇನು, ಮರಿಯನ್ನು ರೆಕ್ಕೆಯೊಳಗೆ ಸುತ್ತಿಕೊಂಡು ತೂಕಡಿಸುವ ತಾಯಿಯೇನು! ಲಕ್ಷ್ಮೇಶ್ವರದಿಂದ ಬಂದ ಗಂಡಿನವರ ಮೆರವಣಿಗೆ ಮರದ ಹತ್ತಿರ ಬಂದದ್ದೇ ತಡ, ಮಾಮಾ ರಸ್ತೆಯ ನಡುವೆ ಕೈ ಅಡ್ಡ ಮಾಡಿ ನಿಂತ. "ಬ್ಯಾಂಡ್ ಬಂದ್ ಮಾಡ್ರಿ! ಮಲಗ್ಯಾವ!"

ಬ್ಯಾಂಡಿನವರು ತಬ್ಬಿಬ್ಬಾದರು. ಮದುಮಗ ತಲೆ ತಗ್ಗಿಸಿದ. ಜನ ಚಪ್ಪಲಿ ಸಪ್ಪಳವಾಗದಂತೆ ಮೆಲ್ಲಗೆ ನಡೆದರು. ಎದುರಿಗೆ ಬಂದ ಮುದುಕಪ್ಪನೊಬ್ಬ ಟೊಪ್ಪಿಗೆ ತೆಗೆದು, ಕೈಮುಗಿದು, "ಪಾಪ, ಯಾರು ಹೋದ್ರಪಾ?" ಎಂದು ಕೇಳಿದ!

ನಮ್ಮ ಅತ್ತೆ ಇದನ್ನು ಬಹಳ ವರ್ಷ ಮರೆಯಲಿಲ್ಲ. "ಬಾವಲಿ ಸಲುವಾಗಿ ನನ್ನ ಮಗನ ಮೆರವಣಿಗಿ ಬಾಯಿ ಮುಚ್ಚಿಕೊಂಡು ಬಂತು" ಎಂದು ಬಂದವರ ಮುಂದೆಲ್ಲ ಹೇಳುವರು.

ಅಷ್ಟರಲ್ಲಿ ಬೆಟಗೇರಿಗೆ ಅಂಟಿಕೊಂಡ ಗದಗ ಹೊಸ ಜಿಲ್ಲೆಯಾಯಿತು. ಜಿಲ್ಲೆ ಅಂದ ಮೇಲೆ ರಸ್ತೆ ಅಗಲವಾಗಬೇಡವೇ? ಹುಣಸೆಮರಕ್ಕೆ ಸುಣ್ಣದ ಗುರುತು ಬಿತ್ತು. ಮಾಮಾ ಗುತ್ತಿಗೆದಾರನ ಮನೆಗೆ ಅಲೆದು ಅಲೆದು ಒಂದು ಮಾತು ಪಡೆದುಕೊಂಡ. ಮರವೇನೋ ಉಳಿಯುವುದಿಲ್ಲ, ಆದರೆ ಮರಿಗಳಿಗೆ ಹಾರಲು ಬರುವವರೆಗೆ ಕೊಡಲಿ ಹಚ್ಚುವುದಿಲ್ಲ. ಆಮೇಲೂ ಸಂಜೆ ಎಲ್ಲ ಹಾರಿಹೋದ ಮೇಲೆಯೇ ಕಡಿಯುವುದು. ಅಂದಿನಿಂದ ಮಾಮಾ ಮಧ್ಯಾಹ್ನವೆಲ್ಲ ಆ ಮರದ ಕೆಳಗೇ ಇರುತ್ತಿದ್ದ. ಮಾತಿನ ಮೇಲೆ ನಂಬಿಗೆ ಇತ್ತು, ಮನುಷ್ಯರ ಮೇಲೆ ಅಷ್ಟಿರಲಿಲ್ಲ.

ಒಂದೇ ಒಂದು ದಿನ ಬಿಟ್ಟುಬಂದ. ಲಕ್ಷ್ಮೇಶ್ವರದಲ್ಲಿ ನನ್ನ ನಾದಿನಿಯ ಕುಬಸ. ಬಸುರಿಗೆ ಹರಸಲು ಬಾರದಿದ್ದರೆ ಬೀಗರು ಏನಂದಾರು? ಉಂಡ ಕೂಡಲೇ ಹೊರಡುತ್ತೇನೆಂದು ಹೇಳಿಯೇ ಪಂಕ್ತಿಗೆ ಕುಳಿತ. ಹೋಳಿಗೆ ತುಪ್ಪ ಉಂಡು, ಪಡಸಾಲೆಯ ಕಂಬಕ್ಕೆ ಒರಗಿ, ಬಸ್ಸಿನ ಹೊತ್ತು ನೋಡುತ್ತ ಕಣ್ಣು ಮುಚ್ಚಿದ. ಅಷ್ಟೇ. ಹಗಲು ಮಲಗಿದ್ದನ್ನು ಯಾರೂ ಕಂಡಿರದ ಮನುಷ್ಯ ಗೊರಕೆ ಹೊಡೆಯತೊಡಗಿದ.

ಗಲಾಟೆ ಮಾಡುತ್ತಿದ್ದ ಹುಡುಗರನ್ನು ನಮ್ಮ ಅತ್ತೆಯೇ ಗದರಿದರು: "ಸುಮ್ಮನಿರ್ರಿ, ಬೀಗರು ಮಲಗ್ಯಾರ. ಪಾಪ, ಎಷ್ಟ ದಣದಾರೋ!"

ಮಾಮಾ ಎದ್ದಾಗ ಹೊತ್ತು ಇಳಿದಿತ್ತು. ನಾನೂ ತವರಿಗೆ ಹೊರಟೆ. ಬಸ್ಸಿನಲ್ಲಿ ಅವನು ಕಿಟಕಿಯಿಂದ ಹೊತ್ತನ್ನೇ ನೋಡುತ್ತ ಕುಳಿತಿದ್ದ.

ಓಣಿಯ ಬಾಯಿಗೆ ಬಂದರೆ ಆಕಾಶ ಖಾಲಿ ಖಾಲಿ ಕಂಡಿತು. ಮರ ರಸ್ತೆಗೆ ಅಡ್ಡಲಾಗಿ ಬಿದ್ದಿತ್ತು. ಇನ್ನೂ ಬೆಳಕಿದ್ದರೂ ಬಾವಲಿಗಳು ಇಳಿಯಲು ಜಾಗ ಸಿಗದೆ ಮೇಲೆ ಸುತ್ತುತ್ತಿದ್ದವು. ಪಕ್ಕದ ಬೇವಿನ ಬುಡದಲ್ಲಿ ಮಾಮಿ ಕುಳಿತಿದ್ದಳು. ಮಡಿಲಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಅವಳ ಹಳೆಯ ಸೀರೆಯ ತುಂಡು.

"ಮಧ್ಯಾಹ್ನನ ಬಂದ್ರು. ಮರಕ್ಕ ಅಡ್ಡ ನಿಂತ್ನಿ, ಕೇಳಲಿಲ್ರಿ. ಕೈ ಹಿಡದು ಎಳದ್ರು," ಎಂದಳು. ಕೂಗಿ ಕೂಗಿ ಅವಳ ಧ್ವನಿ ಬಿದ್ದುಹೋಗಿತ್ತು. "ಜೀವ ಇದ್ದವು ಇವಷ್ಟ."

ಮಾಮಾ ಬುಟ್ಟಿಯ ಮುಂದೆ ಕುಳಿತ. "ನಾ ಮಲಗಿಬಿಟ್ಟೆಲೇ. ಅವರು ಕಡಿಯಾಕತ್ತಾಗ ನಾ ಮಲಗಿದ್ದೆ."

"ಮಲಗೂದು ತಪ್ಪಲ್ರಿ," ಎಂದಳು ಮಾಮಿ. "ನಿಮ್ಮದೂ ಜೀವ ಅಲ್ಲೇನು?"

ಇಬ್ಬರೂ ಸೇರಿ ಬಟ್ಟೆಯಲ್ಲಿ ಹಿಡಿದು ಮರಿಗಳನ್ನು ಬೇವಿನ ಕೊಂಬೆಗೆ ತೂಗುಬಿಟ್ಟರು. ಕತ್ತಲಾಗುವ ಮುನ್ನ ಒಂದು ತಾಯಿ ಬಂತು, ಮರಿಯನ್ನು ಎದೆಗೆ ಅವಚಿಕೊಂಡು ಹೋಯಿತು. ಆಮೇಲೆ ಇನ್ನೊಂದು. ಉಳಿದವಕ್ಕೆ ಯಾರೂ ಬರಲಿಲ್ಲ.

ಬಾವಲಿಗಳು ಮತ್ತೆ ಬೆಟಗೇರಿಯಲ್ಲಿ ನಿಲ್ಲಲಿಲ್ಲ. ಕೆಲವು ತಿಂಗಳ ಮೇಲೆ ಯಾರೋ ಗಿರಾಕಿ, ಸೊರಟೂರಿನ ಕಡೆ ಒಂದು ಆಲದಲ್ಲಿ ರಾಶಿ ಬಾವಲಿ ಬಂದಿವೆ ಎಂದು ಖಬರು ತಂದ. ಆಗ ತವರಿಗೆ ಬಂದಿದ್ದ ನಾನೇ ಮಾಮಾನಿಗೆ ಹೇಳಿದೆ, "ನಡಿ ಮಾಮಾ, ನೋಡಿಬರೂಣು."

ಮಾಮಾ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಟ್ಯೂಬಿನ ಗಾಳಿಯನ್ನು ಸಪ್ಪಳವಾಗದಂತೆ ಮೆಲ್ಲಗೆ ಬಿಡುತ್ತ ಹೇಳಿದ:

"ಬ್ಯಾಡವ್ವ. ಈಗಷ್ಟ ಕಣ್ಣು ಹತ್ತಿರತೈತಿ ಅವಕ್ಕ."