ಮಾವನ ಕುಕ್ಕರುಗಾಲಿನ ಜೀವಿಗಳು

ನಮ್ಮ ಸೋದರಮಾವನನ್ನು ನೀವು ಜಿಪುಣ ಅನ್ನಿ, ತಲೆಕೆಟ್ಟವರು ಅನ್ನಿ, ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಳ್ಳುತ್ತಾರೆ. ಆದರೆ ಅವರ ಗಾಜಿನ ಜಾಡಿಗಳನ್ನು ನೋಡಿ ‘ಎಲ್ಲ ಒಂದೇ ಥರ ಇವೆಯಲ್ಲ’ ಎಂದಿರೋ, ಕೆಟ್ಟಿರಿ! ಕೊಳ್ಳೇಗಾಲದ ಆ ಮನೆಯಿಂದ ಕಾಫಿ ಕುಡಿಯದೆ ಎದ್ದುಬಂದ ನೆಂಟರು ಎಷ್ಟೋ ಜನ.

ಜಾಡಿಗಳಲ್ಲಿರುವುದು ಉಪ್ಪಿನಕಾಯಿಯಲ್ಲ. ಸ್ಕ್ವಾಟ್ ಲಾಬ್‌ಸ್ಟರ್ ಎಂಬ ಆಳಸಮುದ್ರದ ಪ್ರಾಣಿ, ಕೆಡದಂತೆ ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟದ್ದು. ಬಾಲವನ್ನು ಹೊಟ್ಟೆಯಡಿ ಮಡಚಿಕೊಂಡು ಕುಕ್ಕರುಗಾಲಲ್ಲಿ ಕೂತಂತೆ ಕಾಣುತ್ತದೆ. ಏಡಿಯೂ ಅಲ್ಲ, ಸೀಗಡಿಯೂ ಅಲ್ಲ. ತಮಿಳುನಾಡಿನ ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ಇವುಗಳ ಜಾತಿ ಬೇರ್ಪಡಿಸುತ್ತಲೇ ಮಾವ ನಿವೃತ್ತರಾದರು. ಮೊಟ್ಟೆಯೂ ಹೊಸಿಲು ದಾಟದ ಮನೆತನದಲ್ಲಿ ಹುಟ್ಟಿ, ದಿನಾ ವಿಭೂತಿ ಹಚ್ಚಿಕೊಂಡು, ಸಮುದ್ರದ ಪ್ರಾಣಿಯ ಕಾಲಿನ ಮುಳ್ಳು ಎಣಿಸುವ ಕೆಲಸ! ನೆಂಟರಿಗೆ ಇದನ್ನು ವಿವರಿಸುವುದು ಹೇಗೆ, ಹೇಳಿ?

ನಿವೃತ್ತಿಯಾದಾಗ ಜಾಡಿಗಳನ್ನು ಕಾರಿಗೆ ತುಂಬಿಕೊಂಡು ಮೆಟ್ಟೂರಿನ ದಾರಿಯಲ್ಲಿ ಬಂದೆವು. ಕಾರು ಓಡಿಸಿದವನು ನಾನು. ಪಾಲಾರ್ ಚೆಕ್‌ಪೋಸ್ಟಿನಲ್ಲಿ ಪೊಲೀಸಪ್ಪ ಒಂದು ಮುಚ್ಚಳ ತೆಗೆದು ಮೂಸಿದ.

“ಏನ್ ಸಾ, ಸ್ಪಿರಿಟ್ ವಾಸ್ನೆ ಒಡೀತದೆ?” ಎಂದವನು ಜೊತೆಯವನನ್ನು ಕೂಗಿದ, “ಲೇ, ಬಂದ್ ನೋಡ್ಲಾ, ಸೀಗಡಿನ ಎಣ್ಣೇಲಿ ನೆನಾಕವ್ರೆ!”

ಕಳ್ಳಸಾಗಣೆಯ ಕೇಸು ಬಿದ್ದರೂ ಮಾವನಿಗೆ ಚಿಂತೆಯಿರಲಿಲ್ಲ. ಆದರೆ ಸೀಗಡಿ! ಕಾರಿನಿಂದ ಹಾರಿಯೇ ಇಳಿದರು.

“ಯಾವನಯ್ಯ ಇದ್ನ ಸೀಗಡಿ ಅಂದೋನು? ಕಾಲೆಣ್ಸು! ಕಡೇ ಜೋಡಿ ಕಾಲು ಎಲ್ಲೈತೆ, ತೋರ್ಸು!”

ಆ ಜೋಡಿ ತೀರ ಸಣ್ಣದು, ಚಿಪ್ಪಿನಡಿ ಅಡಗಿರುತ್ತದೆ. ಪೊಲೀಸಪ್ಪ ಹುಡುಕಿದ, ಸಿಗಲಿಲ್ಲ. ಮಾವ ಬಯ್ದರು. ಹಿಂದೆ ನಿಂತ ಲಾರಿಗಳು ಹಾರ್ನ್ ಬಾರಿಸತೊಡಗಿದವು. ಕೊನೆಗೆ ಅವನೇ ಕೈ ಮುಗಿದ: “ಓಗಿ ಸಾ, ದಮ್ಮಯ್ಯ! ನೀವ್ ಏನ್ ಏಳ್ತೀರೋ ಅದೇಯ!”

ಅತ್ತೆಯ ಸಿಟ್ಟು ಇನ್ನೊಂದು ಬಗೆ. “ಈ ಪಿಶಾಚಿಗಳ್ನ ದೇವ್ರಮನೆ ಪಕ್ಕ ಇಟ್ರೆ ನಾನ್ ಯಳಂದೂರ್ಗೆ ಓಯ್ತೀನಿ, ನಮ್ಮಣ್ಣನ್ ಮನೆಗೆ!” ಹೋಗಲಿಲ್ಲ. ಹೋಗಿದ್ದರೇ ಚೆನ್ನಾಗಿತ್ತು! ಹೋದ ವರ್ಷ ಹಬ್ಬಕ್ಕೆ ಮನೆ ತೊಳೆಯುವಾಗ ಎರಡು ಜಾಡಿಯದನ್ನು ಒಂದಕ್ಕೇ ಸುರಿದು, ಖಾಲಿಯಾದದ್ದನ್ನು ಬಿಸಿಲಿಗಿಟ್ಟು, ಹುಣಸೆಹಣ್ಣು ತುಂಬಿಬಿಟ್ಟರು.

“ಎಲ್ಡೂ ಒಂದೇ ತರ ಇದ್ವು. ಒಂದ್ರಲ್ಲೇ ಇರ್ಲಿ ಅಂದ್ಕಂಡೆ.”

ಅವೋ ಎರಡು ಜಾತಿ! ಬಾಯಿಯ ಬಳಿಯ ಪುಟ್ಟ ಕಾಲಿನ ಒಳ ಅಂಚಿನಲ್ಲಿ ಒಂದು ಮುಳ್ಳಿದ್ದರೆ ಒಂದು, ಎರಡಿದ್ದರೆ ಮತ್ತೊಂದು. ಮಾವನ ಕೂಗಿಗೆ ಬೀದಿ ನಾಯಿಗಳೂ ಎದ್ದು ಹೋದವಂತೆ. ಊಟ ಬಿಟ್ಟರು, ಮಾತು ಬಿಟ್ಟರು. ಅತ್ತೆಯೂ ಸೋಲಲಿಲ್ಲ. ರಾಜಿ ಮಾಡಿಸಲು ಹೋದ ನನಗೂ ರೇಗಿತು.

“ತಿರ್ಗಾ ಬೇರೆ ಮಾಡುದ್ರಾಯ್ತಲ್ಲ ಮಾವ? ಜೀವಮಾನೆಲ್ಲ ಮಾಡಿರೋದು ಅದೇ ಕೆಲ್ಸ. ಮೈಕ್ರೋಸ್ಕೋಪು ಅಲ್ಲೇ ಐತೆ!”

ಮಾವ ಮೈಕ್ರೋಸ್ಕೋಪಿಗೆ ಹೊದಿಸಿದ್ದ ಬಟ್ಟೆಯ ಅಂಚನ್ನು ಸರಿಪಡಿಸುತ್ತ ನಿಂತರು.

“ಕಾಣಕಿಲ್ಲ ಕಣ್ಲಾ,” ಎಂದರು. “ಸಕ್ರೆ ಕಾಯ್ಲೆ ಕಣ್ಗೂ ಬಂದದೆ. ಬರೀ ಮಬ್ಬು.”

ಯಾರಿಗೂ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆ ಸರಕ್ಕನೆ ಒಳಗೆ ಹೋದರು. ಅಳುತ್ತಾರೇನೋ ಅಂದುಕೊಂಡೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದು, ಕುರ್ಚಿ ಎಳೆದು ಕೂತರು.

“ಏನ್ ನೋಡ್ಬೇಕು ಏಳಿ. ಬಯ್ಬೇಡಿ.”

ಮಾವ ತಡವಿ ತಡವಿ ಒಂದನ್ನು ಗಾಜಿನ ಬಟ್ಟಲಿಗಿಟ್ಟರು. ಅತ್ತೆ ವಿಭೂತಿಯ ಹಣೆಯನ್ನು ಮೈಕ್ರೋಸ್ಕೋಪಿಗೆ ಒತ್ತಿ ಬಹಳ ಹೊತ್ತು ನೋಡಿದರು.

“ಒಂದೇ ಮುಳ್ಳು.”

ನಾನೂ ಬಗ್ಗಿ ನೋಡಿದೆ. ಎರಡಿದ್ದವು! “ಅಲ್ಲ ಅತ್ತೆ, ಇಲ್ಲಿ...”

“ಸುಮ್ಕಿರ್ಲಾ!” ಮಾವ ನನ್ನ ಮೇಲೆ ಗುಡುಗಿದರು. ಆಮೇಲೆ ಅತ್ತೆಯ ಕಡೆ ತಿರುಗಿ, ನಾನು ಅಲ್ಲಿಯವರೆಗೆ ಕೇಳಿರದ ದನಿಯಲ್ಲಿ ಹೇಳಿದರು:

“ಇನ್ನೊಂದ್ಸಲ ನೋಡಮ್ಮಿ. ಆತ್ರ ಏನಿಲ್ಲ.”