ವಿಮಾನದ ಇಂಜನ್ ಮ್ಯಾಲ ಹೆಸರ ಕೊರದದ್ದು

ಹುಮನಾಬಾದದಾಗ ಭಾಂಡಿ-ಪಾತ್ರಿ ಮ್ಯಾಲ ಹೆಸರ ಕೊರಿಯೋರು ಭಾಳ ಮಂದಿ ಅದಾರ. ಆದ್ರ ತಲಿ ಕೆಡಸೋ ಕೆಲಸ ಬಂತಂದ್ರ ಎಲ್ಲಾರೂ ನನ್ನ ಅಂಗಡಿಗೇ ಬೆರಳ ತೋರಸ್ತಾರ. ಹಿಂಗಾಗಿ ಫಜೀತಿನೂ ನನಗೇ ಗಂಟ ಬೀಳ್ತಾವ.

೧

ಬಸವಕಲ್ಯಾಣದ ರಿಟೈರ್ ಮಾಸ್ತರ್ ಒಬ್ಬರು ಮನಿ ಹಿಂದ ತಗಡಿನ ಶೆಡ್ಡಿನಾಗ ಸಣ್ಣ ವಿಮಾನ ಕಟ್ಯಾರ. ಇಂಜನ್ನೂ ಸ್ವಂತ ಮಾಡಿದ್ದೇ. ಒಂದಿನ ಬಂದು, "ಕಾಕಾ, ಇಂಜನ್ನಿಗೆ ಪ್ಲೇಟ್ ಬೇಕ್ರಿ. ಮಾಡಿದವರ ಹೆಸರು, ಮಾಡಲ್, ನಂಬರ್ ಕೊರದಿರಬೇಕು. ಬೆಂಕ್ಯಾಗ ಬಿದ್ರೂ ಅಳಸಬಾರದು. ಇಲ್ಲಂದ್ರ ವಿಮಾನ ಖಾತೆ ಸಾಹೇಬ್ರು ಹಾರಾಕ ಬಿಡಂಗಿಲ್ಲ" ಅಂದ್ರು.

"ಭಾಂಡಿ ಒಲಿ ಮ್ಯಾಲ ಕುಂತು ಮುದುಕಾದ್ರೂ ನಾ ಕೊರದ ಹೆಸರು ಅಳಸಿಲ್ಲ. ಇದು ಪಾಸ್ ಆಗೋತನಾ ನಾ ಚಾ ಮುಟ್ಟಂಗಿಲ್ಲ, ಹೋಗ್ರಿ" ಅಂದೆ.

ಸ್ಟೀಲ್ ತಗಡ ತಗೊಂಡು ಮಷೀನ್ ಹಚ್ಚಿದೆ. ಎಲ್ಲಾ ಪಕ್ಕಾ ಬಂತು. ಕೈಗೆ ಮದವಿ ಭಾಂಡಿ ಕೊರದ ರೂಢಿ ನೋಡ್ರಿ, ಕೆಳಗ "ಇವರಿಂದ ಮದುವೆಯ ಕಾಣಿಕೆ" ಅಂತನೂ ಹೊಡದಿತ್ತು.

ಮಾಸ್ತರ್ ಓದಿ, "ಯಾರ ಮದವಿರಿ ಕಾಕಾ?" ಅಂದ್ರು.

"ನಿಮ್ಮದೂ ಗಾಳಿದೂ" ಅಂದೆ.

೨

ಎರಡನೇ ತಗಡ ತಗದೆ. ಆವಾಗ ಮಾಸ್ತರ್ ಹೆಂಡ್ತಿ ಬಂದ್ಳು.

"ಇಂಜನ್ ಕಡದದ್ದು ನಮ್ಮಪ್ಪ ಕೊಟ್ಟ ಲೇಥ್ ಮಷೀನ್ ಮ್ಯಾಲ. ತವರಮನಿ ಭಾಂಡಿ ಮ್ಯಾಲ ಅಪ್ಪನ ಹೆಸರೇ ಇರ್ತದ. ಅವರದೇ ಹಾಕ್ರಿ ಕಾಕಾ."

"ಮಾಡಿದವನ ಹೆಸರ ಕೇಳ್ಯಾರ, ಕೊಟ್ಟವನದಲ್ಲ" ಅಂತ ಮಾಸ್ತರ್.

ನಾ ಜಗಳಕ್ಕ ಕಿವಿ ಕೊಡಲಿಲ್ಲ. ಮಾಡಿದವರು ಮಾಸ್ತರ್, ಅವರ ಹೆಸರೇ ಕೊರದೆ. ಮಷೀನ್ ಸದ್ದಿನಾಗೂ ಜಗಳ ನಿಲ್ಲಲಿಲ್ಲ.

"ಲೇಥ್ ಇಲ್ಲದ ಏನ ಮಾಡ್ತಿದ್ರಿ?"

"ನಿನ್ನ ಜೋಡಿ ಜಗಳಾಡ್ತಿದ್ದೆ."

"ಅದು ಲೇಥ್ ಇದ್ರೂ ಚಾಲೂನೇ ಅದಲ್ಲ!"

೩

ತಪಾಸಣಿಗೆ ಸಾಹೇಬ್ರು ಮಾಸ್ತರ್ ಶೆಡ್ಡಿಗೆ ಬಂದ್ರು. ಪ್ಲೇಟ್ ನಾನೇ ರಿವಿಟ್ ಹೊಡದು ಇಂಜನ್ನಿಗೆ ಕೂಡಿಸಿದ್ದೆ. ಸಾಹೇಬ್ರು ಓದಿದ್ರು. ಉಗುರಿಲೆ ಕೆರದ್ರು. ಹಿಡದು ಅಲ್ಲಾಡಿಸಿದ್ರು. ಮಾಸ್ತರ್ ಅಂಗಿ ಬೆವರಿಲೆ ಪೂರಾ ತೋಯ್ದಿತ್ತು. ಚಾ ಇಲ್ಲದ ನನ್ನ ತಲಿ ಸಿಡ್ಯಾಕತ್ತಿತ್ತು.

"ಪ್ಲೇಟ್ ಪಾಸ್" ಅಂದ್ರು. ನಾ ಮೊದಲ ಚಾ ಕೇಳಿದೆ.

ಚಾ ಕೊಡ್ತಾ ಮಾಸ್ತರ್ ಹೆಂಡ್ತಿ, "ಅಲ್ರಿ ಸಾಹೇಬ್ರ, ಇಷ್ಟ ಗಟ್ಟಿ ಹೆಸರ ಯಾಕ ಬೇಕ್ರಿ?" ಅಂದ್ಳು.

"ಅಕ್ಕಾರ, ವಿಮಾನ ಎಲ್ಲ್ಯಾರೆ ಬಿದ್ದು ಸುಟ್ಟರೂ ಇಂಜನ್ ಯಾರದು ಅಂತ ಗೊತ್ತಾಗಬೇಕಲ್ಲ."

ಆಕಿ ಜರಾ ವಿಚಾರ ಮಾಡಿದ್ಳು. "ಖರೇ ಅದರಿ. ಮಂದಿ ಮದವಿಗೆ ಎರವು ಕೊಟ್ಟ ಪಾತೇಲಿನೂ ಹೆಸರ ನೋಡೇ ಮನಿಗೆ ತಂದ ಕೊಡ್ತಾರ."

ಆಮ್ಯಾಲ ಗಂಡನ್ನ ಮ್ಯಾಲಿಂದ ಕೆಳಗತನಾ ನೋಡಿ ನನ್ನ ಕಡಿ ತಿರಗಿದ್ಳು:

"ಕಾಕಾ, ಮಷೀನ್ ತಂದೀರೇನು? ಇವರ ಮ್ಯಾಲೂ ಒಂದ ಹೆಸರ ಕೊರದ ಬಿಡ್ರಿ!"