ಟಿವಿಗೆ ಪಾಠ ಹೇಳಿದ ಅತ್ತಿಗೆ

ಇಂಟರ್ನೆಟ್ಟಿನಲ್ಲಿ ಪಾಠ ಹುಡುಕುವ ಮೇಡಂಗಳು ಜಿಲ್ಲೆಯ ತುಂಬ ಇದ್ದಾರೆ. ಆದರೆ ಇಂಟರ್ನೆಟ್ಟನ್ನೇ ಬೆಂಚಿನ ಮೇಲೆ ನಿಲ್ಲಿಸಿದವರು ನಮ್ಮ ಅತ್ತಿಗೆ ಒಬ್ಬರೇ!

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಜಾವಳಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ವಿಜ್ಞಾನಕ್ಕೂ ಅವರೇ, ಇತಿಹಾಸಕ್ಕೂ ಅವರೇ. ಶಾಲೆಗೆ ತಗಡಿನ ಮಾಡು. ಮಳೆ ಹಿಡಿಯಿತೆಂದರೆ ಅದರ ಕೆಳಗೆ ಪಕ್ಕದವರ ಮಾತೂ ಕೇಳುವುದಿಲ್ಲ. ಉಳಿದ ಮೇಷ್ಟ್ರುಗಳು ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು ಸುಮ್ಮನೆ ಕೂರುತ್ತಾರೆ. ಅತ್ತಿಗೆ ಕೂರುವ ಪೈಕಿಯಲ್ಲ. ಮಳೆ ಒಂದು ಸ್ವರ ಏರಿಸಿದರೆ ಇವರು ಎರಡು ಏರಿಸುತ್ತಾರೆ. ಇಷ್ಟು ವರ್ಷದ ಈ ಪೈಪೋಟಿಯಲ್ಲಿ ಮಳೆಗೆ ಏನೂ ಆಗಲಿಲ್ಲ, ಅತ್ತಿಗೆಯ ಗಂಟಲಲ್ಲಿ ಗಂಟು ಬೆಳೆಯಿತು. ಚಿಕ್ಕಮಗಳೂರಿನ ಡಾಕ್ಟರು ನೋಡಿ, "ಮೇಡಂ, ಹೀಗೇ ಕಿರುಚ್ತಾ ಇದ್ರೆ ಒಂದು ದಿನ ಧ್ವನಿ ಹೋಗ್ತದೆ. ಹೋದದ್ದು ಪೂರ್ತಿ ವಾಪಸ್ ಬರೋದು ಕಷ್ಟ" ಅಂದರು.

ಮಾತಿಲ್ಲದ ಅತ್ತಿಗೆ! ಅಣ್ಣ ಮುಖವನ್ನು ಗಂಭೀರವಾಗಿಟ್ಟುಕೊಳ್ಳಲು ಬಹಳ ಕಷ್ಟಪಟ್ಟ.

ನನಗೋ ಆ ರಾತ್ರಿ ನಿದ್ದೆಯಿಲ್ಲ. ಯಾರ ಗಂಟಲಲ್ಲಿ ಗಂಟಾದರೂ ಕಫ ನನಗೇ ಕಟ್ಟುತ್ತದೆ, ಅಂಥ ಜಾತಕ. ಬೆಳಿಗ್ಗೆ ಎದ್ದವನೇ, "ಅತ್ತಿಗೆ, ಹಳೆ ವಿದ್ಯಾರ್ಥಿಗಳು ಕೊಟ್ಟ ದೊಡ್ಡ ಟಿವಿ ಶಾಲೆಯಲ್ಲಿ ಬೆಡ್‌ಶೀಟ್ ಹೊದ್ದು ಮಲಗಿದೆಯಲ್ಲ, ಅದಕ್ಕೆ ವಿಡಿಯೊ ಹಾಕಿ. ಪಾಠ ಅದು ಮಾಡಲಿ, ನೀವು ಬಾಯಿ ಮುಚ್ಚಿ ಕೂತಿರಿ" ಅಂದೆ. ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆದುಕೊಂಡಿದ್ದವನಿಗೆ ಈ ಉಪಾಯವೆಲ್ಲ ಯಾಕೆ ಬೇಕಿತ್ತು, ನೀವೇ ಹೇಳಿ!

ಯಾಕೆಂದರೆ ವಿಡಿಯೊ ಹುಡುಕಲು ನೆಟ್‌ವರ್ಕ್ ಬೇಕು. ನಮ್ಮಲ್ಲಿ ಅದು ಸರಿಯಾಗಿ ಸಿಗುವುದು ಪ್ರವಾಸಿಗಳು ಬರುವ ದೇವರಮನೆ ಗುಡ್ಡದ ರಸ್ತೆಯ ಒಂದೇ ಒಂದು ತಿರುವಿನಲ್ಲಿ. ಭಾನುವಾರ ನನ್ನ ಸ್ಕೂಟರಿನ ಹಿಂದೆ ಅತ್ತಿಗೆ, ಅವರ ಕೈಯಲ್ಲಿ ಕೊಡೆ, ಫ್ಲಾಸ್ಕು, ಪುಸ್ತಕದ ಚೀಲ. ಮೋರಿ ಕಟ್ಟೆಯ ಮೇಲೆ ಕೂತು ವಿಡಿಯೊಗಳಿಗೆ ಸಂದರ್ಶನ ಶುರು ಮಾಡಿದರು. ಒಂದರಲ್ಲಿ ಹೃದಯದ ಪಾಠ, ಹಿಂದೆ ಸಂಗೀತ.

"ಹೃದಯ ಬಡ್ಕೊಳ್ಳೋದು ಕೇಳ್ಬೇಕು ಮಾರಾಯ, ಡೋಲು ಯಾಕೆ? ಕಳ್ಸು ಇವನ್ನ."

ಇನ್ನೊಬ್ಬ ಹುಡುಗ ಗ್ರಹಣದ ಬಗ್ಗೆ ಉಸಿರು ಬಿಡದೆ ಮಾತಾಡಿದ.

"ಇವನಿಗೆ ಎಂತ, ಕೊನೇ ಬಸ್ಸು ತಪ್ತದಾ? ಮುಂದಿನವ್ರು ಬರ್ಲಿ."

ಮೂರನೆಯದು ಹೊಯ್ಸಳರದು. ಕಂಪ್ಯೂಟರೇ ಬರೆದ ಬಣ್ಣಬಣ್ಣದ ಚಿತ್ರಗಳು. ಅದರಲ್ಲಿ ಹೊಯ್ಸಳ ರಾಜ ಕಾಫಿ ತೋಟದಲ್ಲಿ ಹಣ್ಣು ಕೊಯ್ಯುತ್ತಾ ವಾಕಿಂಗ್ ಹೊರಟಿದ್ದ! ಅತ್ತಿಗೆ ಕೂತಲ್ಲಿಂದ ಎದ್ದೇಬಿಟ್ಟರು.

"ಅಯ್ಯೋ ಮಾರಾಯ! ಕಾಫಿ ಬಂದದ್ದು ಇವ್ನು ಸತ್ತು ಎಷ್ಟು ಶತಮಾನ ಆದ್ಮೇಲೆ! ಬಲಗೈ ನೋಡು, ಆರು ಬೆರಳು! ಹುಲಿ ಹೊಡೆದ ವಂಶದವ್ನ ಕೈಲಿ ಕಾಫಿ ಹಣ್ಣು ಕೊಯ್ಯಿಸ್ತಾರಲ್ಲ ಇವ್ರು!"

"ಅತ್ತಿಗೆ, ಗಂಟಲು..."

ಎಲ್ಲಿಯ ಗಂಟಲು! ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಪ್ರವಾಸಿಗಳು ಗಾಬರಿಯಿಂದ ತಿರುಗಿ ನೋಡಿದರು. ತಿರುಗಿದ್ದೇ ತಪ್ಪಾಯಿತು. ಅಂಗಡಿ ಗ್ರಾಮದ ಹುಲಿಯ ಕತೆಯಿಂದ ಹಳೇಬೀಡಿನ ತನಕ ಅವರಿಗೆಲ್ಲ ನಿಂತಲ್ಲೇ ಪಾಠವಾಯಿತು, ಗಾಳಿಗಿಂತ ಜೋರಾಗಿ. ಕೊನೆಗೆ ಒಬ್ಬಾತ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ಈ ಗೈಡು ನಾಳೆ ಕುದುರೆಮುಖಕ್ಕೂ ಬರ್ತಾರಾ?" ಅಂತ ಕೇಳಿದ.

ವಿಡಿಯೊ ನೋಡಿ ನೋಡಿ ನನ್ನ ತಲೆಯೂ ಕೆಟ್ಟಿತು. ಜ್ವಾಲಾಮುಖಿಯದೊಂದು ನೋಡಿದ ಮೇಲೆ ಮನೆಯ ಹಿಂದಿನ ಗುಡ್ಡದ ಕಡೆಗೇ ಕಣ್ಣು. ತಡೆಯಲಾರದೆ, "ಅತ್ತಿಗೆ, ನಮ್ಮ ಗುಡ್ಡ ಏನಾದ್ರೂ ಸಿಡಿಯುತ್ತಾ?" ಎಂದು ಕೇಳಿದೆ.

"ಗುಡ್ಡಕ್ಕೆ ಎಂತದೂ ಆಗಲ್ಲ. ನೀನು ಹೀಗೇ ಯೋಚ್ನೆ ಮಾಡ್ತಾ ಇದ್ರೆ ನಿನ್ನ ತಲೇನೇ ಮೊದ್ಲು ಸಿಡೀತದೆ!"

ಅಂತೂ ಒಂದು ವಿಡಿಯೊ ಪಾಸಾಯಿತು. ಮಳೆ ಹೇಗೆ ಬರುತ್ತದೆ ಎನ್ನುವ ಪುಟ್ಟ ಪಾಠ. ಪೆನ್‌ಡ್ರೈವ್ ಹಿಡಿದು ನಾನೇ ಶಾಲೆಗೆ ಹೋಗಿ ಟಿವಿಗೆ ಸಿಕ್ಕಿಸಿದೆ. ಪರದೆಯ ಮೇಲಿನ ಹೆಂಗಸು ನಗುನಗುತ್ತಾ, "ಮಕ್ಕಳೇ, ನೀವು ಎಂದಾದರೂ ಮೋಡವನ್ನು ಹತ್ತಿರದಿಂದ ನೋಡಿದ್ದೀರಾ?" ಎಂದಳು. ಅತ್ತಿಗೆ ಟಪ್ಪನೆ ನಿಲ್ಲಿಸಿದರು.

"ಎಂತ ನೋಡೋದು ಮಾರಾಯ್ತಿ! ಬೆಳಿಗ್ಗೆ ಬಾಗ್ಲು ತೆಗೆದ್ರೆ ಮೋಡ ಕಾಲೊರಸದೆ ಸೀದಾ ಅಡುಗೆಮನೆಗೆ ಬರ್ತದೆ!"

ಮಕ್ಕಳು ಹೋ ಎಂದವು. ವಿಡಿಯೊ ಮತ್ತೆ ಓಡಿತು, ಮತ್ತೆ ನಿಂತಿತು. ಆ ಹೆಂಗಸು ಅರ್ಧ ವಾಕ್ಯ ಹೇಳಿದರೆ ಅತ್ತಿಗೆಯದು ಅರ್ಧ ಪುಟ. ಬೆಲ್ ಹೊಡೆದಾಗ ನೀರಿನ್ನೂ ಸಮುದ್ರದಿಂದ ಮೇಲೆದ್ದಿರಲಿಲ್ಲ! ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲನೆ ಎದ್ದು, "ಟೀಚರ್, ಪಾಪ, ಅವ್ರಿಗೂ ಸ್ವಲ್ಪ ಮಾತಾಡಕ್ಕೆ ಬಿಡಿ" ಅಂದಳು.

ಇಷ್ಟು ನಗಿಸಿದ ಮೇಲೆ ಹೇಳಲೇಬೇಕು. ಆಷಾಢದ ಒಂದು ಮಧ್ಯಾಹ್ನ, ಮಾಡಿನ ಮೇಲೆ ಮಳೆ ಸುರಿಯುತ್ತಿರುವಾಗ, ರಕ್ತಪರಿಚಲನೆಯ ಪಾಠದ ನಡುವೆ ಅತ್ತಿಗೆಯ ಧ್ವನಿ ನಿಂತುಹೋಯಿತು. ಬಾಯಿ ಆಡುತ್ತಿತ್ತಂತೆ, ಶಬ್ದವಿಲ್ಲ. ತಮಾಷೆ ಇರಬೇಕೆಂದು ಮಕ್ಕಳು ಮೊದಲು ನಕ್ಕರಂತೆ.

ಆಪರೇಷನ್ ಆಯಿತು. ಆಮೇಲೆ ವಾರಗಟ್ಟಲೆ ಮೌನ. ಅತ್ತಿಗೆ ಫೋನಿನಲ್ಲಿ ಬರೆದರೆ ಫೋನೇ ಓದಿ ಹೇಳುವ ವ್ಯವಸ್ಥೆ ಮಾಡಿಕೊಟ್ಟೆ. ಯಾವಳೋ ಒಬ್ಬಳು ಸಪ್ಪೆ ದನಿಯಲ್ಲಿ, "ಸಾರಿಗೆ. ಉಪ್ಪು. ಸಾಲದು." ಎನ್ನುವಳು. ಅಣ್ಣ ಎರಡೇ ದಿನಕ್ಕೆ ಕೈಮುಗಿದ: "ಇವಳು ಬೈದ್ರೆ ಬೈಸಿಕೊಂಡ ಹಾಗೇ ಆಗಲ್ಲ ಮಾರಾಯ. ತೆಗಿ ಇದನ್ನ."

ಧ್ವನಿ ಬಂತು. ಆದರೆ ಬಂದದ್ದು ತೆಳ್ಳಗಿನ, ಹರಕು ದನಿ, ಅಡುಗೆಮನೆಯಿಂದ ಪಡಸಾಲೆಗೂ ಮುಟ್ಟದಷ್ಟು. ಇಷ್ಟೇ, ಇನ್ನು ಹೆಚ್ಚು ಆಸೆಪಡಬೇಡಿ ಎಂದರು ಡಾಕ್ಟರು. ಅತ್ತಿಗೆ ನನ್ನ ಕಡೆ ತಿರುಗಿ, "ಇದ್ರಲ್ಲಿ ಪಾಠ ಆಗ್ತದಾ?" ಎಂದು ಕೇಳಿದರು. ಅವರು ಉತ್ತರ ಗೊತ್ತಿಲ್ಲದೆ ನನ್ನನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲು. ನಾನು ಸುಳ್ಳು ಹೇಳುವುದರಲ್ಲೂ ದಡ್ಡ.

ಅವರು ಶಾಲೆಗೆ ಮರಳಿದ ದಿನ ನಾನೂ ಹೋದೆ. ಜೇಬಿನಲ್ಲಿ ಪೆನ್‌ಡ್ರೈವ್. ಡೋಲಿಲ್ಲ, ಅವಸರವಿಲ್ಲ, ಆರು ಬೆರಳಿಲ್ಲ, ಅಷ್ಟು ಸೋಸಿ ತಂದಿದ್ದೆ. ಮಳೆ ಹೊಯ್ಯುತ್ತಿತ್ತು. ಟಿವಿಯ ಸದ್ದನ್ನು ಪೂರ್ತಿ ಏರಿಸಿದೆ. ಅತ್ತಿಗೆ ಗೋಡೆಗೊರಗಿ ಕೈಕಟ್ಟಿ ನಿಂತರು, ಬೇರೆ ಯಾರದೋ ಕ್ಲಾಸಿಗೆ ಬಂದವರ ಹಾಗೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು ಬಂದು ಟಿವಿ ಆರಿಸಿದಳು.

"ನೀವೇ ಹೇಳಿ ಟೀಚರ್."

ಅತ್ತಿಗೆ ಗಂಟಲು ಮುಟ್ಟಿ ತೋರಿಸಿ, ಮಾಡಿನ ಕಡೆ ಕೈ ಮಾಡಿದರು. ಆಗ ಒಂದು ಬೆಂಚು ಕಿರ್ರೆಂದಿತು. ಅದರ ಹಿಂದೆ ಇನ್ನೊಂದು. ಮಕ್ಕಳು ಬೆಂಚು ಎಳೆದುಕೊಂಡೇ ಬಂದು ಅತ್ತಿಗೆಯ ಸೀರೆಯ ನಿರಿಗೆಗೆ ಮೊಣಕಾಲು ತಾಗುವಷ್ಟು ಹತ್ತಿರ ಸುತ್ತ ಕೂತವು. ಅತ್ತಿಗೆ ಬಗ್ಗಿ ಏನೋ ಹೇಳತೊಡಗಿದರು.

ಬಾಗಿಲ ಬಳಿಯಿದ್ದ ನನಗೆ ಒಂದಕ್ಷರವೂ ಕೇಳಲಿಲ್ಲ. ಆದರೆ ಮಕ್ಕಳೆಲ್ಲ ಒಟ್ಟಿಗೆ ಗೊಳ್ಳೆಂದು ನಕ್ಕವು. ಮಳೆ ಇನ್ನಷ್ಟು ಜೋರಾಯಿತು. ಬೆಂಚುಗಳು ಇನ್ನೊಂದು ಗೇಣು ಮುಂದೆ ಸರಿದವು.